ಗೋಡೆಗೆ ಹಸಿರು ಹಬ್ಬಿಸಿದರೆ ನೌಕರರು ಕಚೇರಿಗೆ ಮರಳುತ್ತಾರೆಯೇ?

ಕಳೆದ ಎರಡು–ಮೂರು ವರ್ಷಗಳಿಂದ ಬರುತ್ತಿರುವ ಕೆಲವು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಗೊಂದಲವಾಗುವುದು ಸಹಜ. ವಾರದ ಐದೂ ದಿನ ಕಚೇರಿಗೆ ಬರಬೇಕೆಂದು ಟಿಸಿಎಸ್ 2023ರ ಅಕ್ಟೋಬರ್‌ನಿಂದ ಹೇಳಿತು. ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ ಅಂಥದೇ ಸೂಚನೆ ಹೊರಡಿಸಿ 2025ರ ಜನವರಿಯಿಂದ ಜಾರಿಗೆ ತಂದಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ತನ್ನ ಕೆಳ ಮತ್ತು ಮಧ್ಯಮ ಹಂತದ ನೌಕರರಿಗೆ ತಿಂಗಳಲ್ಲಿ ಕನಿಷ್ಠ 10 ದಿನ ಕಚೇರಿಯಲ್ಲಿರಬೇಕೆಂಬ ನಿಯಮ ಮಾಡಿತು. ಇದೇ ಹೊತ್ತಿಗೆ ದೊಡ್ಡ ನಗರಗಳ ಕಚೇರಿಗಳು ತೋಟದ ರೂಪ ತಾಳುತ್ತಿರುವ ಸುದ್ದಿಯೂ ಬರುತ್ತಿದೆ. ಗೋಡೆಯ ಉದ್ದಕ್ಕೂ ಗಿಡ, ಒಳಗೇ ಹರಿಯುವ ನೀರು, ಮರದ ಮೇಜು, ಬಿದಿರಿನ ಛಾವಣಿ. ನೌಕರರು ತಾವಾಗಿಯೇ ಮರಳಿ ಬರಲಿ ಎಂಬುದು ಇದರ ಹಿಂದಿನ ಉದ್ದೇಶ ಎನ್ನಲಾಗುತ್ತಿದೆ. ಕಚೇರಿ ಅಷ್ಟು ಹಿತವಾಗಿದ್ದರೆ ಆದೇಶ ಏಕೆ ಬೇಕು, ಆದೇಶದಿಂದಲೇ ಕೆಲಸ ಆಗುವುದಾದರೆ ಗಿಡಗಳಿಗೆ ಹಣ ಏಕೆ ಸುರಿಯಬೇಕು ಎಂದು ಓದುಗರು ಕೇಳುತ್ತಿದ್ದಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. 2020ರ ಮಾರ್ಚ್‌ನಲ್ಲಿ ಬೆಂಗಳೂರು, ಹೈದರಾಬಾದ್‌ಗಳಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದ ಯುವಕ ಯುವತಿಯರು ಪಡಸಾಲೆಯಲ್ಲೋ ಮಹಡಿಯ ಕೋಣೆಯಲ್ಲೋ ಕುಳಿತು ಕೆಲಸ ಮಾಡಿದ್ದನ್ನು ಇಲ್ಲಿನ ಮನೆಗಳು ಕಂಡಿವೆ. ಈಗ ಅವರಲ್ಲಿ ಅನೇಕರು ಮತ್ತೆ ಊರು ಬಿಡಬೇಕಾಗಿದೆ. ಅದರ ಜೊತೆಗೆ, ಮಹಾನಗರದ ಕಚೇರಿಯ ಅಂದವನ್ನು ಹಾಗೆಯೇ ತಂದು ಕೂರಿಸುವ ಉತ್ಸಾಹ ನಮ್ಮ ಜಿಲ್ಲಾ ಕೇಂದ್ರಗಳ ಹೊಸ ಕಟ್ಟಡಗಳಲ್ಲೂ ಕಾಣುತ್ತಿದೆ. ಆದ್ದರಿಂದ ಈ ವಿನ್ಯಾಸ ಏನು ಮಾಡಬಲ್ಲದು, ಅದಕ್ಕೆ ಆಗದ್ದು ಯಾವುದು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ವಿಚಾರ ಬಂದ ದಾರಿ

ಕಟ್ಟಡದೊಳಗೆ ಗಿಡ, ನೀರು, ಮರಗಳನ್ನು ತರುವ ಈ ಬಗೆಯನ್ನು ಕಟ್ಟಡ ತಜ್ಞರು ಬಯೋಫಿಲಿಕ್ ವಿನ್ಯಾಸ ಎನ್ನುತ್ತಾರೆ. ಜೀವವಿರುವುದರ ಕಡೆಗೆ ಮನುಷ್ಯನಿಗೆ ಹುಟ್ಟಿನಿಂದಲೇ ಒಂದು ಸೆಳೆತವಿದೆ ಎಂಬ ವಿಚಾರವನ್ನು ಅಮೆರಿಕದ ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ 1984ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಅದೇ ವರ್ಷ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆಗಳನ್ನು ಆಧರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 46 ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ನೋಡುತ್ತಿದ್ದವರು ಸರಾಸರಿ ಎಂಟು ದಿನದೊಳಗೆ ಮನೆಗೆ ಹೋದರು, ಗೋಡೆ ನೋಡುತ್ತಿದ್ದವರು ಮುಕ್ಕಾಲು ದಿನ ಹೆಚ್ಚು ಉಳಿದರು, ಪ್ರಬಲ ನೋವುನಿವಾರಕ ಔಷಧಗಳೂ ಅವರಿಗೇ ಹೆಚ್ಚು ಬೇಕಾದವು. ಅಲ್ಲಿಂದ ಮುಂದೆ ಈ ವಿಚಾರ ಆಸ್ಪತ್ರೆಯಿಂದ ಶಾಲೆಗೆ, ಶಾಲೆಯಿಂದ ಕಚೇರಿಗೆ ಹಬ್ಬಿತು.

ಅಮೆಜಾನ್ ಕಂಪನಿ ಸಿಯಾಟಲ್‌ನಲ್ಲಿ 2018ರ ಜನವರಿಯಲ್ಲಿ ತೆರೆದ ಗಾಜಿನ ಗೋಳಗಳು ಇದರ ಅತ್ಯಂತ ದುಬಾರಿ ಮಾದರಿಗಳಲ್ಲೊಂದು. ಅವುಗಳೊಳಗೆ ಸುಮಾರು 40,000 ಗಿಡಗಳಿವೆ. ಕನ್ನಡಿಗರಿಗೆ ಪರಿಚಯವಿರುವ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ಇದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಬಿದಿರಿನ ಛಾವಣಿ ಮತ್ತು ತೂಗಾಡುವ ಗಿಡಗಳನ್ನು ವಿಮಾನ ಹತ್ತದವರೂ ಮೊಬೈಲ್‌ನಲ್ಲಿ ನೋಡಿದ್ದಾರೆ. ಗಮನಿಸಬೇಕಾದ ಒಂದು ಅಂಶವೆಂದರೆ, ಸಿಯಾಟಲ್‌ನ ಆ ಹಸಿರಿನ ಒಡೆಯನಾದ ಕಂಪನಿಯೇ ಏಳು ವರ್ಷಗಳ ನಂತರ ಐದು ದಿನದ ಹಾಜರಾತಿಗೆ ಆದೇಶವನ್ನು ನೆಚ್ಚಬೇಕಾಯಿತು.

ಪುರಾವೆ ಎಷ್ಟು ಗಟ್ಟಿ

ಹಸಿರಿನಿಂದ ಪ್ರಯೋಜನವಿಲ್ಲ ಎಂದು ಹೇಳುವುದು ತಪ್ಪಾಗುತ್ತದೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಕಚೇರಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೋಳು ಕಚೇರಿಗೆ ಗಿಡಗಳನ್ನು ತಂದಿಟ್ಟ ಮೇಲೆ ಕೆಲಸದ ಫಲಿತ ಶೇ 15ರಷ್ಟು ಹೆಚ್ಚಿತು. ಸತತವಾಗಿ ಒಂದೇ ಕಡೆ ಗಮನವಿಟ್ಟು ದಣಿದ ಮನಸ್ಸು ಎಲೆಯನ್ನೋ ಆಕಾಶವನ್ನೋ ಸುಮ್ಮನೆ ನೋಡುವಾಗ ಚೇತರಿಸಿಕೊಳ್ಳುತ್ತದೆ ಎಂಬ ವಿವರಣೆಯನ್ನು ಮನೋವಿಜ್ಞಾನಿಗಳು ಮಂಡಿಸಿ ದಶಕಗಳಾಗಿವೆ.

ಆದರೆ ಗಿಡಗಳು ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತನ್ನು ಮಾರಾಟಗಾರರು ಅಳತೆ ಮೀರಿ ಬಳಸಿಕೊಂಡಿದ್ದಾರೆ. ಅದರ ಮೂಲ ನಾಸಾ ಸಂಸ್ಥೆಯ 1989ರ ಪ್ರಯೋಗದಲ್ಲಿದೆ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ, ಜನ ಓಡಾಡುವ ಕೋಣೆಗಳಲ್ಲಿ ಅಲ್ಲ. ಅಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಮರುಪರಿಶೀಲಿಸಿದ ಅಮೆರಿಕದ ಇಬ್ಬರು ಸಂಶೋಧಕರು, ಕಟ್ಟಡದ ಮಾಮೂಲಿ ಗಾಳಿ ಸಂಚಾರ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದರು. ಅಷ್ಟು ಗಿಡಗಳ ನಡುವೆ ಕುರ್ಚಿ ಹಾಕಲು ಜಾಗವಿರುವುದಿಲ್ಲ.

ಗಾಳಿಯ ವಿಷಯದಲ್ಲಿ ಕೆಲಸ ಮಾಡುವುದು ಕಿಟಕಿ ಮತ್ತು ವೆಂಟಿಲೇಟರ್. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 24 ಮಂದಿಯನ್ನು ಆರು ದಿನ ಬೇರೆ ಬೇರೆ ಗಾಳಿಯ ಸ್ಥಿತಿಯಲ್ಲಿ ಕೂರಿಸಿ ಪರೀಕ್ಷಿಸಿದಾಗ, ಒಳಾಂಗಣದ ರಾಸಾಯನಿಕ ಆವಿ ಕಡಿಮೆ ಇದ್ದ ದಿನಗಳಲ್ಲಿ ಅವರ ಯೋಚನಾ ಸಾಮರ್ಥ್ಯದ ಅಂಕ ಶೇ 61ರಷ್ಟು, ಹೊರಗಿನ ಗಾಳಿಯನ್ನೂ ಹೆಚ್ಚಾಗಿ ಒಳಬಿಟ್ಟ ದಿನಗಳಲ್ಲಿ ಶೇ 101ರಷ್ಟು ಹೆಚ್ಚಿತ್ತು. ಇದು ಚಿಕ್ಕ ಅಧ್ಯಯನ, ಅಂಕಿಗಳನ್ನು ಎಲ್ಲ ಕಚೇರಿಗಳಿಗೂ ಅನ್ವಯಿಸಲಾಗದು. ಆದರೂ ಫಲಿತಾಂಶದ ದಿಕ್ಕು ಸ್ಪಷ್ಟವಾಗಿದೆ. ಕಿಟಕಿಗಳನ್ನು ಸೀಲ್ ಮಾಡಿ, ಎಸಿ ಹಾಕಿ, ಮೂಲೆಯಲ್ಲಿ ನಾಲ್ಕು ಮನಿ ಪ್ಲಾಂಟ್ ಇಟ್ಟ ಕೋಣೆಗೆ ನಿಸರ್ಗದ ಹೆಸರು ಕೊಡುವುದು ಸರಿಯಲ್ಲ.

ಕರೆಯುವವರ ವಾದ, ಬರಲೊಲ್ಲದವರ ವಾದ

ಆಡಳಿತ ಮಂಡಳಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಹೊಸದಾಗಿ ಸೇರಿದವರು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದನ್ನು ವಿಡಿಯೊ ಕರೆಯಲ್ಲಿ ಕಲಿಯಲಾಗದು. ಅನಿರೀಕ್ಷಿತ ಸಮಸ್ಯೆ ಎದುರಾದಾಗ ನಾಲ್ಕು ಜನ ಒಂದು ಮೇಜಿನ ಸುತ್ತ ಸೇರಿದರೆ ಬೇಗ ಬಗೆಹರಿಯುತ್ತದೆ. ದೀರ್ಘಾವಧಿಗೆ ಬಾಡಿಗೆಗೆ ಪಡೆದ ಕಟ್ಟಡ ಖಾಲಿ ಬಿದ್ದರೂ ಬಾಡಿಗೆ ನಿಲ್ಲುವುದಿಲ್ಲ ಎಂಬುದೂ ನಿಜ. ನೌಕರರ ವಾದವೂ ಅಷ್ಟೇ ಗಟ್ಟಿಯಾಗಿದೆ. ಸಂಚಾರದಲ್ಲಿ ಕಳೆಯುವ ಗಂಟೆಗಳು, ಬಾಡಿಗೆ, ವಯಸ್ಸಾದ ತಂದೆ ತಾಯಿಯ ಆರೈಕೆ, ಮಕ್ಕಳ ಶಾಲೆ, ಜೊತೆಗೆ ಗಲಾಟೆಯಿಲ್ಲದೆ ಕೆಲಸ ಮಾಡುವ ನೆಮ್ಮದಿ, ಇವುಗಳಲ್ಲಿ ಕೊನೆಯದನ್ನು ಬಿಟ್ಟು ಉಳಿದ ಯಾವುದಕ್ಕೂ ಕಚೇರಿಯ ಒಳಾಂಗಣದ ಜೊತೆ ಸಂಬಂಧವಿಲ್ಲ.

ಈ ಜಗಳದಲ್ಲಿ ಅಂಕಿಅಂಶಗಳು ಪೂರ್ತಿ ಒಂದು ಪಕ್ಷಕ್ಕೆ ವಾಲುವುದಿಲ್ಲ. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರವಾಸ ಕಂಪನಿಯೊಂದರ 1,612 ನೌಕರರ ಮೇಲೆ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ ಕೆಲಸದ ಗುಣಮಟ್ಟ ಕುಗ್ಗಲಿಲ್ಲ, ಕೆಲಸ ಬಿಡುವವರ ಸಂಖ್ಯೆ ಮೂರನೇ ಒಂದರಷ್ಟು ಇಳಿಯಿತು. ಆ ಇಳಿಕೆ ಹೆಚ್ಚಾಗಿ ಕಂಡದ್ದು ಮಹಿಳೆಯರಲ್ಲಿ, ವ್ಯವಸ್ಥಾಪಕರಲ್ಲದ ನೌಕರರಲ್ಲಿ ಮತ್ತು ದೂರದಿಂದ ಬರುವವರಲ್ಲಿ. ಅಂದರೆ ಕಚೇರಿ ಪೂರ್ತಿ ಬೇಡವೆಂದು ಹೇಳುವವರಿಗೂ ಪೂರ್ತಿ ಬೇಕೆನ್ನುವವರಿಗೂ ಈ ಪ್ರಯೋಗದಿಂದ ಬೆಂಬಲ ಸಿಗುವುದಿಲ್ಲ. ನಿರ್ಣಾಯಕವಾದದ್ದು ದೂರ.

ಹಂಪಿ ಎಕ್ಸ್‌ಪ್ರೆಸ್‌ನ ಲೆಕ್ಕ

ದೂರದ ಪ್ರಶ್ನೆಯನ್ನು ನಮ್ಮ ಜಿಲ್ಲೆಗಳಿಂದ ನೋಡಿದಾಗ ಬೆಂಗಳೂರಿನಲ್ಲಿ ಕುಳಿತವರಿಗೆ ಕಾಣದ ಸಂಗತಿಯೊಂದು ಕಾಣುತ್ತದೆ. ತಿಂಗಳಿಗೆ ಹತ್ತು ದಿನ ಎಂಬ ನಿಯಮ ಬೆಂಗಳೂರಿನಲ್ಲೇ ಮನೆ ಮಾಡಿರುವವರಿಗೆ ದೊಡ್ಡ ರಿಯಾಯಿತಿ. ಕೊಪ್ಪಳದವರಿಗೆ ಅದು ರಿಯಾಯಿತಿಯೇ ಅಲ್ಲ. ಹತ್ತು ದಿನಕ್ಕಾಗಿ ಬೆಂಗಳೂರಿನಲ್ಲಿ ಕೋಣೆ ಹಿಡಿಯಬೇಕು, ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕಟ್ಟಬೇಕು, ಪಿಜಿಯಾದರೆ ಇಡೀ ತಿಂಗಳ ಹಣ ಕೊಡಬೇಕು. ಊರಿನ ಮನೆಯ ಖರ್ಚು ಹಾಗೆಯೇ ಇರುತ್ತದೆ. ಹಾಗಾಗಿ ಹತ್ತು ದಿನದ ಹಾಜರಾತಿಗೂ ಇಪ್ಪತ್ತೆರಡು ದಿನದ ಹಾಜರಾತಿಗೂ ತಗಲುವ ವೆಚ್ಚ ಹೆಚ್ಚುಕಡಿಮೆ ಒಂದೇ.

ಭಾನುವಾರ ರಾತ್ರಿ ಕೊಪ್ಪಳ, ಹೊಸಪೇಟೆ, ಬಳ್ಳಾರಿ ನಿಲ್ದಾಣಗಳಲ್ಲಿ ಹಂಪಿ ಎಕ್ಸ್‌ಪ್ರೆಸ್‌ಗೆ ಕಾಯುವವರ ಹೆಗಲ ಮೇಲಿನ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಮನೆಯ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ ಈ ಲೆಕ್ಕವನ್ನು ಹೇಳುತ್ತವೆ. ಅವರು ರಾತ್ರಿಯಿಡೀ ಪ್ರಯಾಣ ಮಾಡಿ ಸೋಮವಾರ ಬೆಳಿಗ್ಗೆ ಇಳಿದು ನೇರವಾಗಿ ಕೆಲಸಕ್ಕೆ ಹೋಗುತ್ತಾರೆ. ರಾಯಚೂರಿನವರ ಸ್ಥಿತಿ ತುಸು ಬೇರೆ. ಬೆಂಗಳೂರು 400 ಕಿ.ಮೀ. ದೂರವಿದ್ದರೆ ಹೈದರಾಬಾದ್ ಅದರ ಅರ್ಧ. ಆದ್ದರಿಂದ ಅಲ್ಲಿನ ಅನೇಕರು ತೆಲಂಗಾಣದ ಕಡೆಗೇ ಹೋಗುತ್ತಾರೆ. ಇಷ್ಟು ದೂರ ಬಂದು ದಣಿದ ವ್ಯಕ್ತಿಗೆ ಕಚೇರಿಯ ಹಸಿರು ಗೋಡೆ ಒಂದಿಷ್ಟು ಸಮಾಧಾನ ಕೊಡಬಹುದು. ಆದರೆ ಅದನ್ನು ನೋಡಲೆಂದು ಯಾರೂ ರೈಲು ಹತ್ತುವುದಿಲ್ಲ.

ಇನ್ಫೊಸಿಸ್ 2024ರಲ್ಲಿ ಕೈಗೊಂಡ ಇನ್ನೊಂದು ಕ್ರಮ ಈ ದೃಷ್ಟಿಯಿಂದ ಹೆಚ್ಚು ಮುಖ್ಯ. ಹುಬ್ಬಳ್ಳಿಯ ತನ್ನ ಕೇಂದ್ರಕ್ಕೆ ವರ್ಗವಾಗಿ ಹೋಗಲು ಒಪ್ಪುವವರಿಗೆ ಹುದ್ದೆಗೆ ಅನುಗುಣವಾಗಿ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹ ಧನ ಕೊಡುವುದಾಗಿ ಕಂಪನಿ ಪ್ರಕಟಿಸಿತು. ಜನರನ್ನು ಕಚೇರಿಗೆ ಕರೆತರಲು ಕಚೇರಿಯನ್ನೇ ಜನರ ಊರಿನತ್ತ ಸರಿಸಬಹುದು ಎಂಬ ಅರಿವು ಇದರಲ್ಲಿದೆ. ಕೊಪ್ಪಳದಿಂದ ಹುಬ್ಬಳ್ಳಿ ಸುಮಾರು 115 ಕಿ.ಮೀ. ವಾರಾಂತ್ಯಕ್ಕೆ ರಾತ್ರಿಯ ಪ್ರಯಾಣವಿಲ್ಲದೆ ಮನೆ ಸೇರಬಹುದು. ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದ ಉದ್ದೇಶವೂ ಇದೇ. ಆದರೆ ಅದರಲ್ಲಿ ಮೊದಲ ಆದ್ಯತೆ ದೊರೆತದ್ದು ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಪ್ರದೇಶಗಳಿಗೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಇರುವ, 2019ರಲ್ಲಿ ಸ್ಥಾಪನೆಯಾದ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಶಿಕ್ಷಣ ಸಂಸ್ಥೆಯೂ ಇರುವ ರಾಯಚೂರಿನಂಥ ಊರು ತನ್ನಲ್ಲೇ ಓದಿದವರನ್ನು ತನ್ನಲ್ಲೇ ಉಳಿಸಿಕೊಳ್ಳುವ ಸ್ಥಿತಿಗೆ ಇನ್ನೂ ಬಂದಿಲ್ಲ ಎಂಬುದು ನೋವಿನ ಸಂಗತಿ.

ಬಿಸಿಲೂರಿಗೆ ತಂದ ಹಸಿರು ಗೋಡೆ

ಒಂದು ವೇಳೆ ಅಂಥ ಕಚೇರಿಗಳು ಇಲ್ಲಿಗೆ ಬಂದವೆನ್ನೋಣ. ಆಗ ಅವುಗಳ ರೂಪ ಹೇಗಿರಬೇಕು ಎಂಬ ಪ್ರಶ್ನೆ ಏಳುತ್ತದೆ. ಸಿಯಾಟಲ್‌ನ ಗೋಳಗಳೊಳಗೆ ಹಗಲು ಹೊತ್ತು ಸುಮಾರು 22 ಡಿಗ್ರಿ ಸೆಲ್ಸಿಯಸ್ ತಾಪಮಾನ, ಶೇ 60ರಷ್ಟು ತೇವಾಂಶ ಇರುವಂತೆ ಯಂತ್ರಗಳು ನೋಡಿಕೊಳ್ಳುತ್ತವೆ. ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ತಾಪಮಾನ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಮಳೆಕಾಡಿನ ನೆರಳಿನಲ್ಲಿ ಬೆಳೆಯುವ ಅಗಲ ಎಲೆಯ ಗಿಡಗಳನ್ನು ಇಲ್ಲಿ ಉಳಿಸಿಕೊಳ್ಳಲು ಇಡೀ ದಿನ ಎಸಿ ಓಡಬೇಕು, ಕರೆಂಟು ಹೋದರೆ ಜನರೇಟರ್ ಓಡಬೇಕು.

ನೀರಿನದು ಇನ್ನೊಂದು ತೊಡಕು. ಈ ಭಾಗದ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು, ಹಲವೆಡೆ ಸವಳು. ವರ್ಟಿಕಲ್ ಗಾರ್ಡನ್ ಎಂದು ಕರೆಯುವ ಗೋಡೆಯ ತೋಟಕ್ಕೆ ಸಣ್ಣ ಡ್ರಿಪ್ ಪೈಪುಗಳ ಮೂಲಕ ನೀರು ಹನಿಸುತ್ತಾರೆ. ಗಡಸು ನೀರಾದರೆ ಪೈಪಿನ ತೂತುಗಳಲ್ಲಿ ಬಿಳಿಯ ಉಪ್ಪು ಕಟ್ಟಿಕೊಳ್ಳುತ್ತದೆ. ಮೊದಲು ಮೇಲಿನ ಸಾಲಿನ ಒಂದೆರಡು ಕುಂಡ ಒಣಗುತ್ತವೆ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ಕುಂಡದಲ್ಲಿ ಮಣ್ಣಿನ ಬದಲು ತುಂಬಿದ ತೆಂಗಿನ ನಾರಿನ ಪುಡಿ ಗಟ್ಟಿಯಾಗಿ ಬೇರಿನ ಹಿಡಿತ ತಪ್ಪುತ್ತದೆ. ಅದನ್ನು ತಪ್ಪಿಸಲು ಆರ್‌ಒ ಯಂತ್ರದ ನೀರು ಕೊಟ್ಟರೆ ಅಷ್ಟೇ ಪ್ರಮಾಣದ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ನೀರು ಚರಂಡಿಗೆ ಹೋಗುತ್ತದೆ. ಬಳ್ಳಾರಿ–ಸಂಡೂರು ಕಡೆ ಇದಕ್ಕೆ ಕೆಂಪು ಅದಿರಿನ ಧೂಳು ಸೇರುತ್ತದೆ. ಎಲೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳು ಕೂತಾಗ ಗಿಡಕ್ಕೆ ಬೆಳಕು ಸಿಗುವುದಿಲ್ಲ, ಒರೆಸಲು ಆಳು ಬೇಕು. ಕುಡಿಯುವ ನೀರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಬಡಾವಣೆಯ ಪಕ್ಕದಲ್ಲಿ ಹೀಗೆ ಅಲಂಕಾರದ ಗೋಡೆಗೆ ನೀರು ಹರಿಸುವುದು ನ್ಯಾಯವೂ ಅಲ್ಲ. ನಿರ್ವಹಣೆ ಕೈಮೀರಿದಾಗ ಮಾಲೀಕರು ಗಿಡ ತೆಗೆದು ಪ್ಲಾಸ್ಟಿಕ್ ಹುಲ್ಲು ಅಂಟಿಸುತ್ತಾರೆ.

ಗಾಜಿನ ಮುಂಭಾಗದ ಮೋಹ ಇದಕ್ಕಿಂತ ದೊಡ್ಡ ಸಮಸ್ಯೆ. ಹೊಸ ಕಟ್ಟಡದ ಎಲಿವೇಶನ್ ಚೆನ್ನಾಗಿ ಕಾಣಲೆಂದು ಪಶ್ಚಿಮದ ಗೋಡೆಗೂ ಪೂರ್ತಿ ಗಾಜು, ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಹಾಳೆ ಹೊದಿಸುತ್ತಾರೆ. ಮಧ್ಯಾಹ್ನ ಎರಡರ ನಂತರ ಆ ಗಾಜಿನಿಂದ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ, ನೌಕರರು ಪರದೆ ಎಳೆಯುತ್ತಾರೆ, ಕತ್ತಲಾಯಿತೆಂದು ಲೈಟು ಹಾಕುತ್ತಾರೆ, ಸೆಕೆಯಾಯಿತೆಂದು ಎಸಿ ಹೆಚ್ಚಿಸುತ್ತಾರೆ. ಹೊರಗಿನ ಬೆಳಕು ಒಳಗೆ ಬರಲೆಂದು ಹಾಕಿದ ಗಾಜು ಕೊನೆಗೆ ಪರದೆಯ ಹಿಂದೆ ಉಳಿಯುತ್ತದೆ.

ಬೇವಿನ ಮರದ ಕೆಳಗಿನ ಕಚೇರಿ

ಈ ಭಾಗದ ಹಳೆಯ ಮನೆಗಳನ್ನು ಕಟ್ಟಿದವರು ಬಿಸಿಲನ್ನು ಚೆನ್ನಾಗಿ ಅರಿತಿದ್ದರು. ದಪ್ಪ ಕಲ್ಲು–ಮಣ್ಣಿನ ಗೋಡೆ, ತೊಲೆಗಳ ಮೇಲೆ ಮಣ್ಣು ಹಾಕಿದ ಮಾಳಿಗೆ, ನಡುವೆ ಬೆಳಕಿಂಡಿ, ಮುಂದೆ ಕಟ್ಟೆ. ದಪ್ಪ ಗೋಡೆ ಕಾಯಲು ಬಹಳ ಹೊತ್ತು ತೆಗೆದುಕೊಳ್ಳುವುದರಿಂದ ಹೊರಗಿನ ಕಾವು ಒಳಗೆ ತಲುಪುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬೆಳಕಿಂಡಿಯಿಂದ ಬಿಸಿ ಗಾಳಿ ಮೇಲೆದ್ದು ಹೋಗುತ್ತದೆ, ಕೆಳಗೆ ತಣ್ಣಗಿನ ನೆಲದ ಮೇಲೆ ಮೆತ್ತನೆಯ ಬೆಳಕು ಬೀಳುತ್ತದೆ. ಇದನ್ನು ಅನುಕರಿಸಲು ಹಳೆಯ ಮನೆಯನ್ನೇ ಮತ್ತೆ ಕಟ್ಟಬೇಕಾಗಿಲ್ಲ, ಅದು ಕೆಲಸ ಮಾಡುವ ಕಾರಣವನ್ನು ಹಿಡಿದುಕೊಂಡರೆ ಸಾಕು.

ನಮ್ಮ ಜಿಲ್ಲೆಗಳು ಇರುವುದು ಸರಿಸುಮಾರು 15–16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆದ್ದರಿಂದ ಇಲ್ಲಿ ಕಟ್ಟಡಕ್ಕೆ ಕಾವು ಬರುವ ಮುಖ್ಯ ದಾರಿ ಆರ್‌ಸಿಸಿ ಛಾವಣಿ, ಎರಡನೆಯದು ಪಶ್ಚಿಮದ ಗೋಡೆ. ಛಾವಣಿಗೆ ಬಿಳಿಯ ಲೇಪನ ಮಾಡಿದರೆ ಬಿಸಿಲಿನ ದೊಡ್ಡ ಪಾಲು ಮರಳಿ ಆಕಾಶಕ್ಕೆ ಹೋಗುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ ತಂಪು ಛಾವಣಿ ನೀತಿಯನ್ನು ತಂದಿತು. ಗಡಿಯಾಚೆಗೆ ಒಪ್ಪುವ ಈ ಉಪಾಯ ಅಷ್ಟೇ ಬಿಸಿಲಿನ ರಾಯಚೂರಿಗೂ ಒಪ್ಪುತ್ತದೆ. ಪಶ್ಚಿಮಕ್ಕೆ ಕಿಟಕಿ ಕಡಿಮೆ ಮಾಡಿ, ಉತ್ತರಕ್ಕೆ ಹೆಚ್ಚು ಮಾಡಿ, ಹೊರಗೆ ಬೇವು, ಹೊಂಗೆ ಬೆಳೆಸಿದರೆ ಒಳಗಿನವರಿಗೆ ಕಿಟಕಿಯಿಂದ ಎಲೆಯೂ ಕಾಣುತ್ತದೆ, ನೆರಳೂ ಸಿಗುತ್ತದೆ. ಬೇವು ಬೇರೂರಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ. ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಏರ್ ಕೂಲರ್ ಇಲ್ಲಿ ಕರಾವಳಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಒಳಾಂಗಣಕ್ಕೆ ನಿಸರ್ಗದ ವಸ್ತು ಬೇಕೆಂದರೆ ಆನೆಗೊಂದಿಯ ಮಹಿಳೆಯರು ಬಾಳೆ ನಾರಿನಿಂದ ಹೆಣೆಯುವ ಸಾಮಾನುಗಳಿವೆ, ಕಿನ್ನಾಳದ ಮರದ ಕಲೆಯಿದೆ, ಊರ ಪಕ್ಕದ ಕಲ್ಲಿದೆ.

ತಾಲ್ಲೂಕು ಕಚೇರಿಯೊಂದರ ಆವರಣವನ್ನು ಬೇಸಿಗೆಯ ಬೆಳಿಗ್ಗೆ ಹನ್ನೊಂದಕ್ಕೆ ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಒಳಗಿನ ಬೆಂಚು ಖಾಲಿ ಇರುತ್ತದೆ. ಬೇವಿನ ಮರದ ಕಟ್ಟೆಯ ಮೇಲೆ ಅರ್ಜಿ ಬರೆಯುವವರು ಪುಟ್ಟ ಮೇಜು ಹಾಕಿರುತ್ತಾರೆ, ಪಹಣಿಗೆ ಬಂದ ರೈತರು ಟವಲ್ ಹಾಸಿ ಕುಳಿತಿರುತ್ತಾರೆ, ನೆರಳು ಸರಿದಂತೆ ಮೇಜೂ ಸರಿಯುತ್ತದೆ. ಒಳಗಿನ ಸಿಬ್ಬಂದಿಯೂ ಚಹಾಕ್ಕೆ ಅಲ್ಲಿಗೇ ಬರುತ್ತಾರೆ. ಯಾರೂ ಆದೇಶ ಹೊರಡಿಸದಿದ್ದರೂ ಜನ ಸೇರುವ ಜಾಗ ಅದು. ಕಚೇರಿ ನವೀಕರಣಕ್ಕೆ ಹಣ ಮಂಜೂರಾದಾಗ ಇಂಥ ಮರವನ್ನೇ ಪಾರ್ಕಿಂಗ್‌ಗೆಂದು ಕಡಿದು ಒಳಗೆ ಫಾಲ್ಸ್ ಸೀಲಿಂಗ್ ಹಾಕುವುದು ನಡೆಯಬಾರದು.

ಮನೆಯಿಂದ ಕೆಲಸ ಮಾಡಲಾಗದವರು

ಈ ಚರ್ಚೆಯಲ್ಲಿ ಒಂದು ದೊಡ್ಡ ವರ್ಗ ಕಣ್ಮರೆಯಾಗಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಗಂಗಾವತಿಯ ಅಕ್ಕಿ ಗಿರಣಿಗಳು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಕಾರ್ಮಿಕರಿಗೆ ಮನೆಯಿಂದ ಕೆಲಸ ಎಂಬ ಆಯ್ಕೆ ಯಾವತ್ತೂ ಇರಲಿಲ್ಲ. ಅವರು ಹೇಗಿದ್ದರೂ ಬರುತ್ತಾರೆ ಎಂಬ ಕಾರಣಕ್ಕೆ ಅವರ ಕೆಲಸದ ಜಾಗವನ್ನು ಹಿತವಾಗಿಸುವ ಒತ್ತಡ ಮಾಲೀಕರ ಮೇಲೆ ಬೀಳುವುದಿಲ್ಲ. ಗಾಳಿ, ಬೆಳಕು, ಸಹಿಸಬಲ್ಲ ತಾಪಮಾನ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದರ ಜಾಗಕ್ಕೆ 2025ರ ನವೆಂಬರ್‌ನಿಂದ ಬಂದಿರುವ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಮಾಲೀಕರದ್ದೇ. ತಗಡಿನ ಶೆಡ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಕ್ಕಳ ತಲೆಯ ಮೇಲಿನ ಛಾವಣಿಗೆ ಬಿಳಿ ಬಣ್ಣ, ಬಾಗಿಲ ಮುಂದೆ ಎರಡು ಮರ, ಬಿಸಿ ಗಾಳಿ ಹೊರಹೋಗಲು ಮೇಲೊಂದು ದಾರಿ ಆಗುವುದು ಯಾವ ಐಟಿ ಕಚೇರಿಯ ಹಸಿರು ಗೋಡೆಗಿಂತಲೂ ತುರ್ತಿನದು.

ಮುಂದೆ ಏನಾಗಬಹುದು

ಸದ್ಯದ ಪ್ರವೃತ್ತಿ ಹೀಗೆಯೇ ಮುಂದುವರಿದರೆ ಆದೇಶದ ಬಲದಿಂದ ಬೆಂಗಳೂರು, ಹೈದರಾಬಾದ್‌ಗಳ ಹಾಜರಾತಿ ಏರುತ್ತದೆ, ಅದರ ಶ್ರೇಯಸ್ಸು ನವೀಕರಣಕ್ಕೆ ಸಲ್ಲುತ್ತದೆ. ದೂರದ ಊರಿನವರಲ್ಲಿ ಕೆಲವರು, ಅದರಲ್ಲೂ ಮದುವೆಯಾದ ಮತ್ತು ಹಿರಿಯರನ್ನು ನೋಡಿಕೊಳ್ಳಬೇಕಾದ ಮಹಿಳೆಯರು, ಕೆಲಸ ಬಿಡುತ್ತಾರೆ. ಮೂರು ವರ್ಷ ಊರಿನ ಅಂಗಡಿ, ಶಾಲೆ, ಬಾಡಿಗೆ ಮನೆಗಳಿಗೆ ಹರಿದಿದ್ದ ಸಂಬಳದ ಹಣ ಮತ್ತೆ ಮಹಾನಗರದಲ್ಲೇ ಉಳಿಯುತ್ತದೆ.

ಬೇರೆ ದಾರಿ ಅಸಾಧ್ಯವೇನಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಹಲವು ಕಂಪನಿಗಳ ನೌಕರರು ಹಂಚಿಕೊಳ್ಳಬಹುದಾದ, ಐವತ್ತು–ನೂರು ಕುರ್ಚಿಗಳ ಕೆಲಸದ ಕೇಂದ್ರಗಳನ್ನು ಸರ್ಕಾರ ಮತ್ತು ಕಂಪನಿಗಳು ಸೇರಿ ತೆರೆಯಬಹುದು. ಕಲಿಕೆ, ಒಡನಾಟ ಬೇಕೆನ್ನುವ ಆಡಳಿತದ ಬೇಡಿಕೆ ಅಲ್ಲಿ ಸ್ವಲ್ಪಮಟ್ಟಿಗಾದರೂ ಈಡೇರುತ್ತದೆ, ನೌಕರರ ದೂರದ ಸಮಸ್ಯೆ ಪೂರ್ತಿ ತೀರುತ್ತದೆ. ವೇಳೆಯ ವಿಷಯದಲ್ಲೂ ಇಲ್ಲಿ ಒಂದು ಮಾದರಿ ಆಗಲೇ ಇದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿಗೆ ತಕ್ಕಂತೆ ಕೆಲಸದ ವೇಳೆಯನ್ನೇ ಹೊಂದಿಸಿದ ಈ ಪದ್ಧತಿಗಿಂತ ನಿಸರ್ಗಕ್ಕೆ ಹತ್ತಿರವಾದ ಕಚೇರಿ ವ್ಯವಸ್ಥೆ ಸಿಗುವುದು ಕಷ್ಟ. ಖಾಸಗಿ ಕೇಂದ್ರಗಳೂ ಬೇಸಿಗೆಯಲ್ಲಿ ಬೆಳಗಿನ ಹೊತ್ತು ತೆರೆದಿದ್ದು, ಅಮೆರಿಕದ ಗ್ರಾಹಕರ ಜೊತೆಗಿನ ಸಂಜೆಯ ಸಭೆಗಳನ್ನು ಮನೆಯಿಂದ ಮಾಡಲು ಬಿಡಬಹುದು.

ಇಂಥ ಕೇಂದ್ರವಾಗಲಿ, ಬೆಂಗಳೂರಿನ ನವೀಕೃತ ಕಚೇರಿಯಾಗಲಿ, ಗೆದ್ದಿತೋ ಇಲ್ಲವೋ ಎಂದು ಅಳೆಯುವಾಗ ಒಟ್ಟು ಹಾಜರಾತಿಯನ್ನು ನೋಡಿ ಪ್ರಯೋಜನವಿಲ್ಲ, ಏಕೆಂದರೆ ಅದರಲ್ಲಿ ಆದೇಶದ ಪಾಲು ಎಷ್ಟು, ಗಿಡದ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು. ಬರಲೇಬೇಕೆಂಬ ನಿಯಮವಿಲ್ಲದ ದಿನಗಳಲ್ಲಿ, ಅದೂ ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ, ಎಷ್ಟು ಮಂದಿ ಬಂದರು ಎಂಬ ಲೆಕ್ಕವನ್ನು ಕಂಪನಿಗಳು ಬಿಡಿಯಾಗಿ ಇಡಬೇಕು.